ಬಾಗಿಲ ಬಳಿ ನಿಂತ ಕುದುರೆ: ನಲವತ್ತನಾಲ್ಕರಲ್ಲಿ ಸವಾರಿ ಕಲಿತವರೊಬ್ಬರ ಪ್ರಕರಣ

ಗುರುತು ಸಿಗಬಾರದೆಂದು ಸವಾರಿ ಕಲಿತವರನ್ನು ಇಲ್ಲಿ ‘ಅಕ್ಕಾರು’ ಎಂದಷ್ಟೇ ಕರೆದಿದೆ. ಲಾಯದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಲಾಯದ ಹೆಸರು, ಅದು ಊರಿನ ಯಾವ ದಿಕ್ಕಿಗಿದೆ ಎಂಬುದು, ಶಿಕ್ಷಕರ ವಿವರ ಇವನ್ನೆಲ್ಲ ಬಿಟ್ಟಿದೆ. ಕುದುರೆಗಳಿಗೂ ಹೆಸರಿಲ್ಲ, ಬಣ್ಣ ಮಾತ್ರ ಇದೆ. ಅಳತೆ, ಪಾಠಗಳ ಕ್ರಮ, ತಪ್ಪಿದ ಜಾಗಗಳು ಮಾತ್ರ ಇದ್ದ ಹಾಗೆಯೇ ಇವೆ. ಬೇರೆಯವರಿಗೆ ಉಪಯೋಗಕ್ಕೆ ಬರುವುದು ಅವೇ.

ಹಿನ್ನೆಲೆ

ಅಕ್ಕಾರಿಗೆ 44 ವರ್ಷ. ಹುಬ್ಬಳ್ಳಿಯಲ್ಲಿ ಕಚೇರಿ ಕೆಲಸ, ಧಾರವಾಡದಲ್ಲಿ ಮನೆ, ನಡುವೆ ದಿನಾ ಚಿಗರಿ ಬಸ್ಸು. ಮಗಳನ್ನು ವಾರಕ್ಕೆರಡು ಸಂಜೆ ಧಾರವಾಡದ ಹೊರವಲಯದ ಸಣ್ಣ ಲಾಯವೊಂದಕ್ಕೆ ಸವಾರಿ ಕಲಿಯಲು ಕರೆತರುತ್ತಿದ್ದರು. ಮೂರು ತಿಂಗಳು ಬೇಲಿಗೆ ಆತುಕೊಂಡು ನೋಡಿದ ಮೇಲೆ ಒಂದು ದಿನ ತಾವೇ ಕೇಳಿದರು: ‘ನನ್ನ ವಯಸ್ಸಿನವರಿಗೆ ಕಲಸ್ತೀರೇನ್ರಿ?’

ಕಲಿಸಬಹುದು, ಆದರೆ ಮಕ್ಕಳಿಗೆ ಕಲಿಸಿದ ಹಾಗಲ್ಲ. ಮಗು ಬಿದ್ದರೆ ಅತ್ತು, ಮಣ್ಣು ಕೊಡವಿಕೊಂಡು ಮತ್ತೆ ಹತ್ತುತ್ತದೆ. ನಲವತ್ತು ದಾಟಿದವರು ಬೀಳುವ ಮೊದಲೇ ಲೆಕ್ಕ ಹಾಕಿರುತ್ತಾರೆ: ಕೈ ಮುರಿದರೆ ಎಷ್ಟು ದಿನ ರಜೆ, ಮನೆಯಲ್ಲಿ ಅಡುಗೆಗೆ ಯಾರು, ಸಾಲದ ಕಂತು ಏನಾದೀತು. ಇದನ್ನು ಪುಕ್ಕಲುತನ ಎನ್ನಲಾಗದು, ಲೆಕ್ಕ ಸರಿಯಾಗಿಯೇ ಇರುತ್ತದೆ. ಇದರ ಮೇಲೆ ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕೂತ ಸೊಂಟ. ತೊಡೆಯ ಒಳಭಾಗದ ಸ್ನಾಯು ಬಿಗಿದಿರುವುದರಿಂದ ಕಾಲು ಜೀನಿನ ಎರಡೂ ಬದಿಗೆ ಇಳಿಬೀಳುವುದಿಲ್ಲ, ಮೊಣಕಾಲು ತಾನಾಗಿಯೇ ಕುದುರೆಯನ್ನು ಅವಚಿಕೊಳ್ಳುತ್ತದೆ. ಮುಂದಿನ ಕಥೆಯ ಅರ್ಧ ಈ ಅವಚಿಕೊಳ್ಳುವುದರಲ್ಲಿದೆ.

ತೂಕ 62 ಕಿಲೋ. ಬಲ ಮೊಣಕಾಲಿನಲ್ಲಿ ಸ್ವಲ್ಪ ಬಿಗಿತವಿತ್ತು. ಡಾಕ್ಟರನ್ನು ಕೇಳಿ ಬಂದಿದ್ದರು. ಮೊದಲ ದಿನ ತಂದದ್ದು ಸ್ಕೂಟರಿನ ಹೆಲ್ಮೆಟ್. ಅದು ಸವಾರಿಗೆ ಆಗುವುದಿಲ್ಲ. ಒಂದು ಕಿಲೋ ಮೀರಿದ ಭಾರ ಕುತ್ತಿಗೆಯನ್ನು ಎಳೆಯುತ್ತದೆ, ಶಿಕ್ಷಕರು ಹೇಳಿದ್ದೂ ಸರಿಯಾಗಿ ಕೇಳಿಸುವುದಿಲ್ಲ. ಸವಾರಿಯ ಹೆಲ್ಮೆಟ್ಟು ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಕೂರಬೇಕು, ಗದ್ದದ ಪಟ್ಟಿ ಹಾಕದೆಯೇ ತಲೆ ಅಲ್ಲಾಡಿಸಿದರೆ ಅಲುಗಬಾರದು. ಕ್ರೀಡಾ ಬೂಟಿನ ಬದಲು ಒಂದಂಗುಲ ಹಿಮ್ಮಡಿ ಇರುವ, ಅಡಿ ನುಣುಪಾದ ಬೂಟು ಬಂತು. ಹಿಮ್ಮಡಿ ಇಲ್ಲದಿದ್ದರೆ ಪಾದ ರಿಕಾಪಿನೊಳಗೆ, ಅಂದರೆ ಜೀನಿನಿಂದ ತೂಗುವ ಕಾಲಿಡುವ ಬಳೆಯೊಳಗೆ, ಪೂರ್ತಿ ತೂರಿಕೊಳ್ಳುತ್ತದೆ, ಆಮೇಲೆ ಬಿದ್ದರೆ ಕುದುರೆ ಎಳೆದುಕೊಂಡು ಹೋಗುತ್ತದೆ. ರಿಕಾಪು ಬೂಟಿಗಿಂತ ಒಟ್ಟು ಒಂದಂಗುಲ ಅಗಲ ಇರಬೇಕಾದದ್ದೂ ಇದಕ್ಕೇ. ದುಪಟ್ಟಾ ಮನೆಯಲ್ಲಿ ಉಳಿಯಿತು.

ಕಲಿಯುವವರಿಗೆಂದೇ ಇದ್ದ ಬೂದು ಬಣ್ಣದ ಹಳೆಯ ಹೆಣ್ಣು ಕುದುರೆ ಆಗ ಲಾಳ ಕಳಚಿಕೊಂಡು ಕುಂಟುತ್ತಿತ್ತು. ಹಾಗಾಗಿ ಅಕ್ಕಾರಿಗೆ ಸಿಕ್ಕದ್ದು ರೇಸಿನಿಂದ ನಿವೃತ್ತವಾಗಿ ಬಂದ ಕಂದು ಕುದುರೆ. ಒಳ್ಳೆಯ ಕುದುರೆ, ಕಚ್ಚದು, ಒದೆಯದು. ಮೊದಲ ಆರು ಪಾಠ ಸಲೀಸಾಗಿ ನಡೆದವು. ನಡಿಗೆ, ತಿರುವು, ಸ್ವಲ್ಪ ಸ್ವಲ್ಪ ಟ್ರಾಟ್, ಅಂದರೆ ಕುಕ್ಕುಲೋಟ. ಈ ಸಲೀಸಿನೊಳಗೆ ಒಂದು ಕೊರತೆ ಅಡಗಿತ್ತು. ಕುದುರೆಯನ್ನು ಶುರು ಮಾಡುತ್ತಿದ್ದದ್ದೂ ನಿಲ್ಲಿಸುತ್ತಿದ್ದದ್ದೂ ನಡುವೆ ನಿಂತ ಶಿಕ್ಷಕರ ದನಿ. ಅಕ್ಕಾರ ಕೈಯಲ್ಲಿ ಲಗಾಮು ಇತ್ತು, ಅಷ್ಟೆ.

ಏಳನೇ ಪಾಠ

ಜೂನ್ ನಡುಭಾಗ, ಸಂಜೆ ಐದೂಮುಕ್ಕಾಲು. ಮುಂಗಾರು ಗಾಳಿ ಎದ್ದಿತ್ತು. ಮಧ್ಯಾಹ್ನ ಒಂದಕ್ಕೆ ಊಟ ಮಾಡಿದ ಅಕ್ಕಾರು ಬಸ್ಸಿಳಿದು ನೇರ ಲಾಯಕ್ಕೆ ಬಂದಿದ್ದರು. 20 ಮೀಟರ್ ಅಗಲ, 40 ಮೀಟರ್ ಉದ್ದದ ಅಂಗಳದಲ್ಲಿ ಎಡಕ್ಕೆ ಟ್ರಾಟ್ ನಡೆದಿತ್ತು. ಹುಲ್ಲಿನ ಬಣವೆಗೆ ಹೊದಿಸಿದ ನೀಲಿ ತಾಡಪತ್ರಿಯ ಒಂದು ಮೂಲೆ ಬಿಚ್ಚಿ ಪಟಪಟ ಬಡಿಯಿತು. ಕುದುರೆ ಪಕ್ಕಕ್ಕೆ ಜಿಗಿದು ಮುಂದಕ್ಕೆ ನುಗ್ಗಿತು.

ಅಕ್ಕಾರು ಎಲ್ಲರೂ ಮಾಡುವುದನ್ನೇ ಮಾಡಿದರು. ಮೊಣಕಾಲು ಬಿಗಿದು, ಮುಂದಕ್ಕೆ ಬಾಗಿ, ಲಗಾಮನ್ನು ಎದೆಗೆಳೆದು ಹಾಗೇ ಹಿಡಿದರು. ಮೂರೂ ಉಲ್ಟಾ ಕೆಲಸ ಮಾಡುತ್ತವೆ. ಆಪೂಸ್ ಹಣ್ಣು ಹಿಚುಕಿದರೆ ವಾಟೆ ಜಾರುವ ಹಾಗೆ, ಬಿಗಿದ ಮೊಣಕಾಲು ಸವಾರರನ್ನು ಜೀನಿನಿಂದ ಮೇಲಕ್ಕೆ ಜಾರಿಸುತ್ತದೆ. ಹಿಮ್ಮಡಿ ಮೇಲೆದ್ದು ಕುದುರೆಯ ಪಕ್ಕೆಗೆ ತಗಲುತ್ತದೆ, ಕುದುರೆಯ ಭಾಷೆಯಲ್ಲಿ ಅದರ ಅರ್ಥ ‘ಹೋಗು’. ಬಾಗಿದ ಮೈ ಕೂಡ ‘ಹೋಗು’ ಎಂದೇ ಹೇಳುತ್ತದೆ. ಎಳೆದು ಹಿಡಿದ ಲಗಾಮು ಕುದುರೆಗೆ ಒರಗಲು ಗೋಡೆ ಕಟ್ಟಿಕೊಟ್ಟಂತೆ. ರೇಸಿನ ಕುದುರೆಗಂತೂ ಕಡಿವಾಣಕ್ಕೆ ಒರಗಿ ಓಡುವುದನ್ನೇ ಕಲಿಸಿರುತ್ತಾರೆ. ಟ್ರಾಟ್ ಇದ್ದದ್ದು ಕ್ಯಾಂಟರ್ ಆಯಿತು, ಅಂದರೆ ಅದಕ್ಕಿಂತ ಜೋರಿನ ನೆಗೆತದ ಓಟ. ಏಳೆಂಟು ಸೆಕೆಂಡಿನಲ್ಲಿ ಅಂಗಳದ ಉದ್ದ ಮುಗಿದು, ಬಾಗಿಲ ಬಳಿ ಕುದುರೆ ತಾನಾಗಿಯೇ ನಿಂತಿತು.

ಅಕ್ಕಾರು ಬೀಳಲಿಲ್ಲ. ಗೀರು ಕೂಡ ಆಗಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಲಾಯದವರೆಲ್ಲ ‘ಏನೂ ಆಗಿಲ್ಲ ಬಿಡ್ರಿ’ ಎಂದದ್ದು ಇದನ್ನೇ ಹಿಡಿದು. ಮುಂದಿನ ಪಾಠಕ್ಕೆ ಬಂದಾಗ ರಿಕಾಪಿಗೆ ಇಡಬೇಕಾದ ಎಡಗಾಲು ನೆಲ ಬಿಡಲಿಲ್ಲ.

ಮೊದಲು ಮಾಡಿ ನೋಡಿದ್ದು

ಮೂರು ಉಪಾಯ ನಡೆದವು, ಮೂರೂ ಕೈಕೊಟ್ಟವು.

ಒಂದು, ಆ ಸಂಜೆಯೇ ಮತ್ತೆ ಹತ್ತಿಸಿದ್ದು. ಬಿದ್ದ ಕೂಡಲೇ ಹತ್ತಬೇಕು ಎಂಬುದು ಹಳೆಯ ಮಾತು. ಏಕೆ ಬಿದ್ದೆವೆಂದು ಗೊತ್ತಿದ್ದು, ಆ ಕಾರಣವನ್ನು ತೆಗೆದುಹಾಕಿದ್ದರೆ ಮಾತು ಸರಿ. ಇಲ್ಲಿ ತಾಡಪತ್ರಿ ಇನ್ನೂ ಬಡಿಯುತ್ತಿತ್ತು, ಕುದುರೆಯ ಕಿವಿ ಇನ್ನೂ ಅತ್ತಲೇ ಇತ್ತು, ಅಕ್ಕಾರ ಕೈ ನಡುಗುತ್ತಿತ್ತು. ಹತ್ತು ನಿಮಿಷ ಉಸಿರು ಕಟ್ಟಿ ಸುತ್ತಿದ್ದು ಹೆದರಿಕೆಯನ್ನೇ ಬಾಯಿಪಾಠ ಮಾಡಿದಂತಾಯಿತು.

ಎರಡು, ಮದುವೆ ಮೆರವಣಿಗೆಗೆ ಹೋಗುವ ಬಿಳಿ ಕುದುರೆ. ಡಿಜೆ ಸದ್ದಿಗೂ ಪಟಾಕಿಗೂ ಕಣ್ಣು ಮಿಟುಕಿಸದ ಪ್ರಾಣಿ. ಆದರೆ ಅದು ನಡೆಯುವುದು ಹಗ್ಗ ಹಿಡಿದವನ ಹಿಂದೆ. ಸವಾರರ ಕಾಲು, ಕೂತ ಭಾರ ಅದಕ್ಕೆ ಲೆಕ್ಕಕ್ಕಿಲ್ಲ. ಎರಡು ಪಾಠದ ನಂತರ ಅಕ್ಕಾರು ಹೇಳಿದ್ದು: ‘ಮದುಮಗನ ಮೆರವಣಿಗಿ ಆತ್ರಿ, ಸವಾರಿ ಆಗ್ಲಿಲ್ಲ.’ ಶಾಂತ ಕುದುರೆ ಎಂದರೆ ಕಲಿಸಲು ತಕ್ಕ ಕುದುರೆ ಎಂದಲ್ಲ. ಕೇಳಿದ್ದಕ್ಕೆ ಉತ್ತರ ಕೊಡದ ಕುದುರೆಯ ಮೇಲೆ ಕೂತವರಿಗೆ ತಮ್ಮ ಕೈ, ಕಾಲಿಗೆ ಬೆಲೆಯಿದೆ ಎಂದು ಎಂದೂ ಗೊತ್ತಾಗುವುದಿಲ್ಲ.

ಮೂರು, ಬಿಡುವು. ಮಳೆ ಹಿಡಿಯಿತು, ಮೂರು ವಾರ ಪಾಠ ನಿಂತಿತು. ಆ ಮೂರು ವಾರದಲ್ಲಿ ಏಳು ಸೆಕೆಂಡಿನ ಓಟ ಅಕ್ಕಾರ ತಲೆಯಲ್ಲಿ ದಿನಕ್ಕೆ ನಾಲ್ಕು ಸಲ ಓಡಿತು.

ಒಂದು ಪ್ರಶ್ನೆ

ಜುಲೈಯಲ್ಲಿ ಪಾಠದ ಹೊಣೆ ಲಾಯದ ಹಿರಿಯ ಶಿಕ್ಷಕರಿಗೆ ಬಂತು. ಅವರು ಧೈರ್ಯ ಹೇಳಲಿಲ್ಲ, ಹತ್ತಿಸಲೂ ಇಲ್ಲ. ಕೇಳಿದ್ದು ಇಷ್ಟು: ‘ಅಕ್ಕಾರ, ಯಾವುದಕ್ಕ ಅಂಜಿಕಿ ಬರತೈತಿ ಹೇಳ್ರಿ. ಬೀಳತೀನಿ ಅಂತೋ, ಅದು ನಿಲ್ಲಂಗಿಲ್ಲ ಅಂತೋ?’

ಅಕ್ಕಾರು ಉತ್ತರ ಹೇಳಿದ್ದು ಮುಂದಿನ ಪಾಠದಲ್ಲಿ. ‘ಬಿದ್ರ ಬೀಳ್ತೀನ್ರಿ. ಅವತ್ತ ಅದು ನನ್ನ ಮಾತಿಗೆ ನಿಂತದ್ದಲ್ಲ. ಬಾಗಲಾ ಬಂತು, ನಿಂತ್ತು.’

ಇಡೀ ಪ್ರಕರಣ ತಿರುಗಿದ್ದು ಈ ಮಾತಿನ ಮೇಲೆ. ಬೀಳುವ ಹೆದರಿಕೆಗೆ ಮದ್ದು ಬೇರೆ: ಮೆತ್ತನೆಯ ಮರಳು, ಗಿಡ್ಡ ಕುದುರೆ, ಇಳಿಯುವ ಅಭ್ಯಾಸ. ನಿಲ್ಲಿಸಲಾರೆ ಎಂಬ ಹೆದರಿಕೆಗೆ ಇವು ಯಾವುವೂ ನಾಟುವುದಿಲ್ಲ. ಅದಕ್ಕೆ ನಿಲ್ಲಿಸುವುದನ್ನೇ ಕಲಿಸಬೇಕು, ನೂರಾರು ಸಲ.

ಉತ್ತರದಲ್ಲಿ ಇನ್ನೊಂದು ಸುಳಿವೂ ಇತ್ತು: ಕುದುರೆ ಬಾಗಿಲ ಬಳಿಯೇ ಏಕೆ ನಿಂತಿತು? ಕುದುರೆ ನೋಡಿಕೊಳ್ಳುವ ಆಳು, ಸೈಸ್, ದಿನಾ ಐದೂಮುಕ್ಕಾಲಕ್ಕೆ ನೆನೆಹಾಕಿದ ಹುರುಳಿಗೆ ತೌಡು ಕಲಸಲು ಶುರು ಮಾಡುತ್ತಿದ್ದ. ತಗಡಿನ ಬಕೆಟ್ಟಿನ ಸದ್ದು ಅಂಗಳಕ್ಕೆ ಕೇಳುತ್ತಿತ್ತು. ಹಸಿದ ಕುದುರೆ ಆ ಹೊತ್ತಿಗೆ ಬಾಗಿಲ ಕಡೆ ಮುಖವಾದಾಗಲೆಲ್ಲ ಜೋರು, ಬಾಗಿಲಿಗೆ ಬೆನ್ನಾದಾಗ ನಿಧಾನ. ಅಕ್ಕಾರು ಇದನ್ನು ಆರು ಪಾಠದಲ್ಲೂ ಗಮನಿಸಿದ್ದರು, ಆದರೆ ‘ನನಗೇ ಹಿಡಿತ ಇಲ್ಲ’ ಎಂದುಕೊಂಡು ಸುಮ್ಮನಿದ್ದರು. ದೊಡ್ಡವರು ಕಲಿಯಲು ಬಂದಾಗ ಹೀಗಾಗುವುದು ಮಾಮೂಲು. ಕಂಡದ್ದೆಲ್ಲಕ್ಕೂ ತಮ್ಮದೇ ತಪ್ಪು ಎಂದುಕೊಂಡು ಹೇಳುವುದೇ ಇಲ್ಲ. ತಾಡಪತ್ರಿ ಒಂದು ನೆಪ. ಓಟಕ್ಕೆ ಕಾರಣ ಬಕೆಟ್ಟು, ಗಾಳಿ, ಬಿಗಿದ ಮೊಣಕಾಲು, ಎಳೆದ ಲಗಾಮು, ಎಲ್ಲವೂ ಕೂಡಿ.

ಪಾಠ ಶನಿವಾರ, ಭಾನುವಾರ ಬೆಳಗಿನ ಏಳಕ್ಕೆ ಬದಲಾಯಿತು. ಬೆಳಗಿನ ಕಾಳು ಪಾಠ ಮುಗಿದ ಮೇಲೆ, ಮೊದಲು ಒಣಹುಲ್ಲು ಮಾತ್ರ. ಅಕ್ಕಾರು ಮನೆಯಿಂದ ಹೊರಡುವಾಗ ಒಂದು ಬಾಳೆಹಣ್ಣು, ಅರ್ಧ ಚಪಾತಿ. ಖಾಲಿ ಹೊಟ್ಟೆಯ ನಡುಕಕ್ಕೂ ಹೆದರಿಕೆಯ ನಡುಕಕ್ಕೂ ಮೈ ವ್ಯತ್ಯಾಸ ಮಾಡುವುದಿಲ್ಲ.

ಮೊಳೆಗೆ ತೂಗಿದ ಎರಡು ಪಟ್ಟಿ

ಹೊಸ ಸರದಿಯ ಮೊದಲ ದಿನ ಶಿಕ್ಷಕರು ಜೀನಿನಿಂದ ರಿಕಾಪಿನ ಎರಡೂ ಚರ್ಮದ ಪಟ್ಟಿಗಳನ್ನು ಬಿಚ್ಚಿ, ಬಕಲ್ ಕಡೆಯಿಂದ ಒಂದೇ ಮೊಳೆಗೆ ಪಕ್ಕಪಕ್ಕ ತೂಗಿಹಾಕಿದರು. ಬಲಗಡೆಯ ಪಟ್ಟಿಯ ಆರನೇ ತೂತು ಇದ್ದ ಜಾಗಕ್ಕೆ ಎಡಗಡೆಯದರ ಆರನೇ ತೂತು ಬರಲಿಲ್ಲ, ಕೆಳಗಿತ್ತು. ಟೇಪು ಹಿಡಿದರೆ ಎರಡು ಸೆಂಟಿಮೀಟರ್. ಎಡಪಟ್ಟಿಯ ತೂತುಗಳೂ ಉರುಟಾಗಿರದೆ ಬೇವಿನ ಹಣ್ಣಿನ ಹಾಗೆ ಉದ್ದುದ್ದ ಎಳೆದಿದ್ದವು.

ಕುದುರೆಯನ್ನು ಎಡದಿಂದಲೇ ಹತ್ತುವ ರೂಢಿ. ಹತ್ತುವ ಒಬ್ಬೊಬ್ಬರ ಪೂರ್ತಿ ಭಾರವೂ ಒಂದು ಕ್ಷಣ ಎಡಪಟ್ಟಿಯ ಮೇಲೆಯೇ ಬೀಳುತ್ತದೆ, ಚರ್ಮ ಹಿಗ್ಗುತ್ತದೆ. ಅದಕ್ಕೇ ಎರಡೂ ಪಟ್ಟಿಗಳನ್ನು ಆಗಾಗ ಎಡಬಲ ಅದಲುಬದಲು ಮಾಡಬೇಕು. ಇಲ್ಲಿ ಅದನ್ನು ಮಾಡಿ ಎಷ್ಟು ಕಾಲವಾಗಿತ್ತೋ ಯಾರಿಗೂ ನೆನಪಿರಲಿಲ್ಲ. ಅಕ್ಕಾರು ಮೊದಲ ದಿನದಿಂದಲೂ ‘ಎಡಕ್ಕೆ ವಾಲಿದಂಗ ಆಗತೈತಿ’ ಎನ್ನುತ್ತಿದ್ದರು, ಪ್ರತಿ ಸಲವೂ ‘ನೆಟ್ಟಗ ಕೂಡ್ರಿ’ ಎಂಬ ಉತ್ತರ ಸಿಗುತ್ತಿತ್ತು. ವಾಲುತ್ತಿದ್ದದ್ದು ನಿಜ, ಕಾರಣ ಚರ್ಮದಲ್ಲಿತ್ತು.

ಉದ್ದವೂ ತಪ್ಪಿತ್ತು. ನೆಲದ ಮೇಲೆ ನಿಂತು, ಪಟ್ಟಿ ಜೀನಿಗೆ ಸೇರುವ ಕಡೆ ಬೆರಳ ತುದಿ ಇಟ್ಟು ರಿಕಾಪನ್ನು ತೋಳಿನ ಉದ್ದಕ್ಕೂ ಎಳೆದರೆ ಅದು ಕಂಕುಳಿಗೆ ಮುಟ್ಟಬೇಕು. ಮೇಲೆ ಕೂತು ಕಾಲು ಇಳಿಬಿಟ್ಟಾಗ ರಿಕಾಪಿನ ತಳ ಪಾದದ ಗಂಟಿಗೆ ತಗಲಬೇಕು. ಅಕ್ಕಾರದು ಎರಡು ತೂತು ಉದ್ದವಿತ್ತು. ಉದ್ದ ರಿಕಾಪನ್ನು ಬೆರಳ ತುದಿಯಿಂದ ಹುಡುಕುವ ಕಾಲು ಹಿಮ್ಮಡಿ ಎತ್ತುತ್ತದೆ, ಸೊಂಟ ಮುಂದಕ್ಕೆ ಬಾಗುತ್ತದೆ, ಸವಾರರು ಪೃಷ್ಠದ ಎರಡು ಮೂಳೆಗಳ ಮೇಲೆ ಕೂರುವುದು ಬಿಟ್ಟು ತೊಡೆಗಳ ಸಂದಿನ ಮೇಲೆ ಕೂರುತ್ತಾರೆ. ಆ ಭಂಗಿಯಲ್ಲಿ ಎಂಥವರಿಗೂ ಭದ್ರ ಎನಿಸದು.

ಹೊಟ್ಟೆಪಟ್ಟಿಯನ್ನು ಮೂರು ಸಲ ಬಿಗಿಯುವ ಕ್ರಮವೂ ಅಂದೇ ಶುರುವಾಯಿತು: ಜೀನು ಹಾಕಿದಾಗ ಹಗುರವಾಗಿ, ಹತ್ತುವ ಮುಂಚೆ ಒಮ್ಮೆ, ಐದು ನಿಮಿಷ ನಡೆದ ಮೇಲೆ ಇನ್ನೊಮ್ಮೆ. ಬಿಗಿಯುವಾಗ ಅನೇಕ ಕುದುರೆಗಳು ಹೊಟ್ಟೆ ಉಬ್ಬಿಸುತ್ತವೆ, ನಡೆದ ಮೇಲೆ ಪಟ್ಟಿ ಸಡಿಲಾಗುತ್ತದೆ. ಹತ್ತಲು ಒಂದೂವರೆ ಅಡಿ ಎತ್ತರದ ಮರದ ಮೆಟ್ಟಿಲು ಬಂತು. ಅಕ್ಕಾರ ಮೊಣಕಾಲಿಗೂ ಕುದುರೆಯ ಬೆನ್ನಿಗೂ ಒಳ್ಳೆಯದು, ಜೀನೂ ಒಂದು ಬದಿಗೆ ಜಗ್ಗುವುದಿಲ್ಲ.

ಕುದುರೆಯೂ ಬದಲಾಯಿತು. ಬೂದು ಕುದುರೆಗೆ ಹೊಸ ಲಾಳ ಕಟ್ಟಿಸಿತ್ತು. ವಯಸ್ಸು ಹದಿನಾರು, ಎತ್ತರ 14.2 ಹ್ಯಾಂಡ್, ಅಂದರೆ 14 ಹ್ಯಾಂಡ್ 2 ಅಂಗುಲ (ಒಂದು ಹ್ಯಾಂಡ್ ಎಂದರೆ ನಾಲ್ಕು ಅಂಗುಲ). ತೂಕ ನೋಡಲು ತಕ್ಕಡಿ ಬೇಕಿಲ್ಲ, ದರ್ಜಿಯ ಟೇಪು ಸಾಕು: ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಬೇಕು. ಅಳತೆ ಸೆಂಟಿಮೀಟರಿನಲ್ಲಿದ್ದರೆ ಉತ್ತರ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 176, ಉದ್ದ 150, ತೂಕ ಸುಮಾರು 391 ಕಿಲೋ. ಜೀನು, ಬೂಟು, ಹೆಲ್ಮೆಟ್ ಸೇರಿ ಅಕ್ಕಾರ ಭಾರ 72 ಕಿಲೋ, ಕುದುರೆಯ ತೂಕದ ಶೇ 18ರಷ್ಟು. ಶೇ 20 ದಾಟಬಾರದೆಂಬುದು ಸಾಮಾನ್ಯ ಮಿತಿ. ‘ನನ್ನ ಭಾರಕ್ಕ ಅದಕ್ಕ ತ್ರಾಸಾಗತೈತೇನೋ’ ಎಂಬ ಅಕ್ಕಾರ ಅಳುಕು ಈ ಲೆಕ್ಕದಿಂದ ಹೋಯಿತು. ಸಮಾಧಾನದ ಮಾತಿನಿಂದ ಹೋಗುತ್ತಿರಲಿಲ್ಲ.

ಹನ್ನೆರಡು ಪಾಠ

ಆರು ವಾರ, ವಾರಕ್ಕೆರಡು. ಒಂದೊಂದು ಪಾಠ 40 ನಿಮಿಷ: ಹದಿನೈದು ನೆಲದ ಮೇಲೆ, ಇಪ್ಪತ್ತು ಕುದುರೆಯ ಮೇಲೆ, ಕೊನೆಯ ಐದು ನಿಮಿಷ ನೋಟ್‌ಬುಕ್ಕಿಗೆ. ಶುರುವಿಗೇ ಒಂದು ಕರಾರು ಆಯಿತು. ಅಕ್ಕಾರು ‘ಸಾಕು’ ಎಂದರೆ ಶಿಕ್ಷಕರು ಅಲ್ಲೇ ನಿಲ್ಲಿಸಬೇಕು, ಏಕೆ ಎಂದು ಕೇಳಬಾರದು, ‘ಇನ್ನೊಂದು ಸುತ್ತು’ ಎನ್ನಬಾರದು.

ಮೊದಲ ಎರಡು ಪಾಠದಲ್ಲಿ ಹತ್ತಲೇ ಇಲ್ಲ. ಮಳೆ ಜಿಟಿಜಿಟಿ ಹಿಡಿದಿದ್ದರಿಂದ ತಗಡಿನ ಮಾಡಿನ ಕೆಳಗೇ ಕೆಲಸ. ಕುದುರೆಗೆ ಸುತ್ತಲಿನದು ಸುಮಾರು 350 ಡಿಗ್ರಿ ಕಾಣುತ್ತದೆ, ಹಣೆಯ ನೇರ ಎದುರು ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಅದಕ್ಕೇ ಮಾತಾಡಿಸುತ್ತ ಭುಜದ ಕಡೆಯಿಂದ ಹೋಗುವುದು. ಖರಾರ (ಮೈ ಉಜ್ಜುವ ಹಲ್ಲಿನ ಸಾಧನ) ಹಿಡಿದು ಕುತ್ತಿಗೆ, ಭುಜ, ಬೆನ್ನಿನ ಮೇಲೆ ಸುತ್ತುಸುತ್ತಾಗಿ ಉಜ್ಜುವುದು, ಎಲುಬಿರುವ ಕಾಲಿಗೆ ಬ್ರಷ್ ಮಾತ್ರ. ಗೊರಸನ್ನು ಹಿಮ್ಮಡಿಯಿಂದ ಮುಂದಕ್ಕೆ ಕೆದಕಿ, ನಡುವಿನ ಮೆತ್ತನೆಯ ತ್ರಿಕೋನವನ್ನು ಬಿಟ್ಟು, ಎರೆಮಣ್ಣು ತೆಗೆಯುವುದು. ಮಳೆಗಾಲದಲ್ಲಿ ಈ ಮಣ್ಣು ಗೊರಸಿನೊಳಗೆ ಗಾರೆಯ ಹಾಗೆ ಕೂರುತ್ತದೆ, ತೆಗೆಯದಿದ್ದರೆ ಕುದುರೆ ಜಾರುತ್ತದೆ.

ಆಮೇಲೆ ಹಗ್ಗ ಹಿಡಿದು ನಡೆಸುವುದು: ಎಂಟು ಹೆಜ್ಜೆ, ನಿಲುಗಡೆ, ಎರಡು ಹೆಜ್ಜೆ ಹಿಂದಕ್ಕೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಎರಡನೇ ಪಾಠದ ಕೊನೆಗೆ ಅಕ್ಕಾರು ಉಸಿರು ಬಿಟ್ಟು ನಿಂತರೆ ಕುದುರೆಯೂ ನಿಲ್ಲುತ್ತಿತ್ತು, ಹಗ್ಗ ಎಳೆಯಬೇಕಾಗಿರಲಿಲ್ಲ. ನಾಲ್ಕು ನೂರು ಕಿಲೋದ ಪ್ರಾಣಿ ಉಸಿರಿಗೆ ನಿಂತದ್ದು ಅಕ್ಕಾರಿಗೆ ಹೊಸತು.

ಮೂರನೇ ಪಾಠದಿಂದ ಉದ್ದ ಹಗ್ಗ. ಶಿಕ್ಷಕರು ನಡುವೆ ನಿಂತು ಎಂಟು ಮೀಟರ್ ಹಗ್ಗದಲ್ಲಿ ಕುದುರೆಯನ್ನು ಸುತ್ತಿಸುತ್ತಾರೆ. ಸವಾರರಿಗೆ ಮೊದಮೊದಲು ಲಗಾಮು ಇಲ್ಲ, ಕುದುರೆಯ ಕೊರಳಿಗೆ ಕಟ್ಟಿದ ಚರ್ಮದ ಪಟ್ಟಿ ಇದೆ. ಹೆದರಿದ ಕೈ ಏನನ್ನಾದರೂ ಹಿಡಿದೇ ಹಿಡಿಯುತ್ತದೆ. ಲಗಾಮು ಹಿಡಿದರೆ ಕುದುರೆಯ ಬಾಯಿಗೆ ನೋವು, ಕೊರಳಪಟ್ಟಿ ಹಿಡಿದರೆ ಯಾರಿಗೂ ನೋವಿಲ್ಲ. ಇಷ್ಟು ಅಗ್ಗದ, ಇಷ್ಟು ಉಪಯೋಗದ ಸಾಮಾನು ಇನ್ನೊಂದಿಲ್ಲ. ಆದರೂ ನಮ್ಮ ಕಡೆಯ ಲಾಯಗಳಲ್ಲಿ ಕಾಣುವುದು ಕಡಿಮೆ.

ಕಲಿಸಿದ್ದು ಒಂದೇ: ನಿಲ್ಲಿಸುವುದು. ಮೊದಲು ಉಸಿರನ್ನು ಪೂರ್ತಿ ಬಿಡುವುದು. ಅದರೊಂದಿಗೆ ಭುಜ ಇಳಿದು, ಭಾರ ಕೂರುವ ಮೂಳೆಗಳ ಮೇಲೆ ಇಳಿಯಬೇಕು. ಮೊಣಕಾಲು ಸಡಿಲ, ಹಿಮ್ಮಡಿ ಕೆಳಗೆ. ಇಷ್ಟಕ್ಕೆ ನಿಲ್ಲದಿದ್ದರೆ ಮಾತ್ರ ಬೆರಳು ಮುಚ್ಚಿ ಲಗಾಮು ಹಿಡಿದು ಬಿಡುವುದು, ಮತ್ತೆ ಹಿಡಿದು ಬಿಡುವುದು. ಎಳೆದು ಹಿಡಿದಿಡುವುದಲ್ಲ. ನಿಂತ ಕ್ಷಣವೇ ಕೈ ಸಡಿಲಾಗಬೇಕು, ಕುದುರೆಗೆ ಅದೇ ಶಾಭಾಸ್‌ಗಿರಿ. ಒಂದು ಪಾಠಕ್ಕೆ ಇಪ್ಪತ್ತು ನಿಲುಗಡೆ. ಹೇಳಿದ ಮೇಲೆ ಎಷ್ಟು ಹೆಜ್ಜೆಗೆ ನಿಂತಿತೆಂದು ನೋಟ್‌ಬುಕ್ಕಿಗೆ ಬರೆಯುವುದು. ಮೂರನೇ ಪಾಠದಲ್ಲಿ ಒಂಬತ್ತು ಹತ್ತು ಹೆಜ್ಜೆ, ಐದನೆಯದರಲ್ಲಿ ಮೂರು. ‘ಸಾಕು’ ಎಂಬ ಮಾತು ಮೂರನೇ ಪಾಠದಲ್ಲಿ ಆರು ಸಲ ಬಂತು, ಐದರಲ್ಲಿ ಒಮ್ಮೆಯೂ ಇಲ್ಲ.

ತುರ್ತಾಗಿ ಇಳಿಯುವುದನ್ನೂ ಇದೇ ಪಾಠಗಳಲ್ಲಿ ಕಲಿಸಿತು: ಎರಡೂ ಪಾದ ರಿಕಾಪಿನಿಂದ ಹೊರಗೆ, ಕೈ ಕುದುರೆಯ ಕುತ್ತಿಗೆಯ ಬುಡಕ್ಕೆ, ಮುಂದಕ್ಕೆ ಬಾಗಿ, ಬಲಗಾಲು ಹಿಂದಿನಿಂದ ಬೀಸಿ, ಮೊಣಕಾಲು ಮಡಚಿ ಎರಡೂ ಕಾಲಿನ ಮೇಲೆ ನೆಲಕ್ಕೆ. ನಿಂತ ಕುದುರೆಯಿಂದ ಹತ್ತು ಸಲ, ನಡೆಯುವ ಕುದುರೆಯಿಂದ ಆರು ಸಲ. ಮಕ್ಕಳಿಗೆ ಟ್ರಾಟಿನಲ್ಲೂ ಮಾಡಿಸುವುದುಂಟು. ಅಕ್ಕಾರ ಬಲ ಮೊಣಕಾಲು ನೋಡಿ ಅದನ್ನು ಬಿಟ್ಟರು, ಸರಿಯಾದ ತೀರ್ಮಾನವೇ.

ಟ್ರಾಟ್ ಮತ್ತೆ ಬಂದದ್ದು ಐದನೇ ಪಾಠದಲ್ಲಿ, ಹತ್ತು ಹೆಜ್ಜೆಯಷ್ಟೇ. ಟ್ರಾಟ್ ಎರಡು ತಾಳದ ನಡೆ, ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬೀಳುತ್ತವೆ. ಒಂದು ತಾಳಕ್ಕೆ ಏಳಬೇಕು, ಒಂದಕ್ಕೆ ಕೂರಬೇಕು. ‘ಎದ್ದು, ಕೂತು, ಎದ್ದು, ಕೂತು’ ಎಂದು ಅಕ್ಕಾರು ಗಟ್ಟಿಯಾಗಿ ಹೇಳಬೇಕಿತ್ತು. ಲಯ ಸಿಗಲಿ ಎಂಬುದು ಒಂದು, ಬಾಯಿ ಬಿಟ್ಟು ಎಣಿಸುವವರು ಉಸಿರು ಕಟ್ಟಲಾರರು ಎಂಬುದು ಇನ್ನೊಂದು.

ಆರನೇ ಪಾಠದಲ್ಲಿ ಎಡವಿತು. ಐದನೆಯದು ಚೆನ್ನಾಗಿ ಆದ ಹುಮ್ಮಸ್ಸಿಗೆ ಶಿಕ್ಷಕರು ಅಂದೇ ಉದ್ದ ಹಗ್ಗ ಬಿಚ್ಚಿ, ಅಂದೇ ಅಂಗಳದಿಂದ ಹೊರಗಿನ ಹೊಲದ ದಾರಿಗೂ ಕರೆದೊಯ್ದರು. ನೂರು ಮೀಟರಿಗೇ ಮೊಣಕಾಲು ಬಿಗಿಯಿತು, ನಾಲ್ಕು ಸಲ ‘ಸಾಕು’ ಬಂತು. ಕುದುರೆ ಏನೂ ಮಾಡಿರಲಿಲ್ಲ. ಹಗ್ಗ ಬಿಚ್ಚಿದ್ದಕ್ಕೋ, ಹೊರಗೆ ಬಂದದ್ದಕ್ಕೋ ಎಂದು ತಿಳಿಯುವ ದಾರಿಯೂ ಉಳಿಯಲಿಲ್ಲ. ಏಳನೆಯದರಲ್ಲಿ ಮತ್ತೆ ಅಂಗಳ, ಹಗ್ಗ ಇಲ್ಲ. ಎಂಟನೆಯದರಲ್ಲಿ ಹೊರಗೆ, ಹಗ್ಗ ಇದೆ. ಆಗ ಗೊತ್ತಾಯಿತು, ತೊಂದರೆ ಇದ್ದದ್ದು ಹೊರಗಿನ ದಾರಿಯಲ್ಲಿ. ಹಗ್ಗವನ್ನು ಅಕ್ಕಾರು ಆಗಲೇ ಮರೆತಿದ್ದರು.

ತಾಡಪತ್ರಿ

ಈ ನಡುವೆ ಯಾರೋ ಅಕ್ಕಾರಿಗೆ ‘ನೀವು ಅಂಜಿದ್ರ ಕುದುರಿಗೆ ಗೊತ್ತಾಗತೈತಿ’ ಎಂದುಬಿಟ್ಟಿದ್ದರು. ಮಾತು ಸುಳ್ಳಲ್ಲ. ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುದುರೆ ನಡೆಸುವವರಿಗೂ ಸವಾರರಿಗೂ ‘ನಾಲ್ಕನೇ ಸಲ ಹಾಯುವಾಗ ಕೊಡೆ ಬಿಚ್ಚುತ್ತೇವೆ’ ಎಂದು ಹೇಳಿದ್ದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತದ ಜೊತೆಗೆ ಕುದುರೆಗಳದೂ ಏರಿತು. ಆದರೆ ಇದನ್ನು ಹೆದರಿದವರಿಗೆ ಹಾಗೇ ಹೇಳಿದರೆ ಹೆದರಿದ್ದಕ್ಕೂ ಹೆದರುತ್ತಾರೆ. ಶಿಕ್ಷಕರು ಬೇರೆ ರೀತಿ ಹೇಳಿದರು: ‘ಅಂಜಿಕಿ ನಿಮ್ಮ ಕೈಯಾಗಿಲ್ರಿ. ಉಸರು ಐತಿ, ಮೊಣಕಾಲ ಐತಿ. ಅಷ್ಟ ನೋಡ್ಕೋರಿ.’

ಹತ್ತನೇ ಪಾಠದಲ್ಲಿ ಅದೇ ನೀಲಿ ತಾಡಪತ್ರಿಯನ್ನು ಅಂಗಳದ ಮೂಲೆಯಲ್ಲಿ ಮಡಚಿ, ಮೇಲೆ ಕಲ್ಲಿಟ್ಟಿತು. ಹದಿನೈದು ಮೀಟರ್ ದೂರದಲ್ಲಿ ಹಾಯುವುದು, ತಿರುಗಿ ದೂರ ಹೋಗುವುದು, ಮತ್ತೆ ಸ್ವಲ್ಪ ಹತ್ತಿರ. ಹೆದರುವ ವಸ್ತುವಿಗೆ ಕುದುರೆಯನ್ನು ಮುಖಾಮುಖಿ ತಳ್ಳಬಾರದು. ಅದರ ಮೂತಿಯನ್ನು ಒಂಚೂರು ಒಳಕ್ಕೆ ತಿರುಗಿಸಿಕೊಂಡು ಪಕ್ಕದಿಂದ ದಾಟಿಸಬೇಕು. ಸವಾರರು ತಾಡಪತ್ರಿ ನೋಡಬಾರದು, ಹೋಗಬೇಕಾದ ಜಾಗ ನೋಡಬೇಕು. ಪಾಠದ ಕೊನೆಗೆ ಮೂರು ಮೀಟರಿಗೆ ಬಂದರು. ಹನ್ನೊಂದನೆಯದರಲ್ಲಿ ಸೈಸ್ ಅದರ ಒಂದು ಮೂಲೆಯನ್ನು ಕೈಯಿಂದ ಅಲ್ಲಾಡಿಸಿದ.

ಹನ್ನೆರಡನೇ ಪಾಠದ ದಿನ ಯಾರೂ ಅಲ್ಲಾಡಿಸಬೇಕಾಗಲಿಲ್ಲ. ಟ್ರಾಟ್ ನಡೆದಿರುವಾಗ ಗಾಳಿ ಬೀಸಿ ಮೂಲೆ ಎದ್ದಿತು, ಬೂದು ಕುದುರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕತ್ತು ಎತ್ತಿತು. ಅಕ್ಕಾರ ಎಡಗೈ ಕೊರಳಪಟ್ಟಿಗೆ ಹೋಯಿತು. ಉಸಿರು ಬಿಟ್ಟ ಸದ್ದು ಬೇಲಿಯವರೆಗೆ ಕೇಳಿಸಿತು. ಹತ್ತು ಮೀಟರಿನ ಸುತ್ತಿಗೆ ತಿರುಗಿಸಿ, ನಡಿಗೆಗೆ ಇಳಿಸಿ, ನಿಲ್ಲಿಸಿದರು. ಶಿಕ್ಷಕರು ಬಾಯಿ ತೆರೆದಿರಲಿಲ್ಲ. ನಿಂತ ಮೇಲೆ ಅಕ್ಕಾರ ಕೈ ನಡುಗಿತು, ಆ ನಡುಗುವ ಕೈಯಿಂದಲೇ ಕುದುರೆಯ ಕತ್ತು ಸವರಿದರು. ಅಂದಿನ ನೋಟ್‌ಬುಕ್ಕಿನಲ್ಲಿ ಇರುವುದು: ‘ಗಾಳಿ. ನಾಲ್ಕು ಹೆಜ್ಜೆ.’

ಬೇರೆಯವರಿಗೆ

ಈ ಕ್ರಮ ಎಲ್ಲರಿಗೂ ಒಗ್ಗುವುದಿಲ್ಲ. ಬಿದ್ದು ಎಲುಬು ಮುರಿದುಕೊಂಡವರ ಹೆದರಿಕೆಯ ಜಾತಿಯೇ ಬೇರೆ, ಅವರಿಗೆ ಇಳಿಯುವ ಅಭ್ಯಾಸದಿಂದ ಶುರು ಮಾಡಬೇಕಾಗಬಹುದು. ಎತ್ತರಕ್ಕೇ ಅಂಜುವವರಿಗೆ ನಿಲುಗಡೆಯ ಲೆಕ್ಕದಿಂದ ಹೆಚ್ಚೇನೂ ಆಗದು. ಹಾಗಾಗಿ ಮೊದಲು ಬೇಕಾದದ್ದು ಹಿರಿಯ ಶಿಕ್ಷಕರು ಕೇಳಿದ ಪ್ರಶ್ನೆ, ಉತ್ತರಕ್ಕೆ ಒಂದೆರಡು ದಿನದ ವ್ಯವಧಾನವೂ ಬೇಕು. ‘ಅಂಜಿಕಿ’ ಎಂಬ ಒಂದೇ ಪದದಡಿ ಹಿಗ್ಗಿದ ಪಟ್ಟಿ, ಖಾಲಿ ಹೊಟ್ಟೆ, ಹಸಿದ ಕುದುರೆ, ನಿಲ್ಲಿಸಲು ಬಾರದಿರುವುದು ಎಲ್ಲವೂ ಸೇರಿಕೊಂಡಿರುತ್ತವೆ. ಅವನ್ನು ಒಂದೊಂದಾಗಿ ಕಳಚಿದ ಮೇಲೆ ಉಳಿಯುವ ಹೆದರಿಕೆ ಅಷ್ಟೇನೂ ದೊಡ್ಡದಿರುವುದಿಲ್ಲ.

ಶಿಕ್ಷಕರ ಕಡೆಯ ಎರಡು ತಪ್ಪನ್ನೂ ಹೇಳಲೇಬೇಕು. ನಿಲ್ಲಿಸಲು ಕಲಿಸದೆ ಟ್ರಾಟ್ ಮಾಡಿಸಿದ್ದು ಒಂದು. ಮಕ್ಕಳ ಪಾಠದಲ್ಲಿ ಇದು ಹೇಗೋ ದಾಟಿಹೋಗುತ್ತದೆ, ಏಕೆಂದರೆ ಮಕ್ಕಳು ಶಿಕ್ಷಕರ ದನಿಯನ್ನೇ ನಂಬಿರುತ್ತಾರೆ. ಎಡಕ್ಕೆ ವಾಲುತ್ತಿದೆ ಎಂದವರ ಮಾತನ್ನು ಆರು ಪಾಠ ಕೇಳಿಸಿಕೊಳ್ಳದಿದ್ದದ್ದು ಇನ್ನೊಂದು. ದೊಡ್ಡವರು ಒಂದೇ ದೂರನ್ನು ಎರಡು ಸಲ ಹೇಳಿದರೆ ಮೊದಲು ಸಾಮಾನು ನೋಡಬೇಕು, ಭಂಗಿ ಆಮೇಲೆ.

ಅಕ್ಕಾರು ಕ್ಯಾಂಟರ್ ಇನ್ನೂ ಶುರು ಮಾಡಿಲ್ಲ. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ನೋಡೋಣ ಎಂದಿದ್ದಾರೆ, ಶಿಕ್ಷಕರು ಒತ್ತಾಯ ಮಾಡಿಲ್ಲ. ಕಂದು ಕುದುರೆಯನ್ನು ಹೊಸಬರಿಗೆ ಕೊಡುವುದು ನಿಂತಿದೆ. ಜೀನು ಇಡುವ ಕೋಣೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಒಂದು ಸಾಲು ಬರೆದಿದೆ: ‘ತಿಂಗಳ ಒಂದನೇ ತಾರೀಕು ಪಟ್ಟಿ ಅದಲುಬದಲು.’ ಅದರ ಕೆಳಗೆ ಸೈಸ್ ಪ್ರತಿ ತಿಂಗಳೂ ಒಂದು ಗೀಟು ಎಳೆಯುತ್ತಾನೆ.